ಗೃಹಸ್ಥರ ಕೈಗೆಲಸ: ನೇರ ಕೊಯ್ತವೂ ಬಿಗಿಪಟ್ಟಿಯೂ

ಕಳೆದ ತಿಂಗಳ ಈ ಅಂಕಣದಲ್ಲಿ ಮಳೆಗಾಲದ ತೇವದಿಂದ ಕಪಾಟು, ಪೆಟ್ಟಿಗೆ, ಬಾಗಿಲುಗಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಬರೆದಿದ್ದೆವು. ಈ ತಿಂಗಳು ಕಪಾಟು ಕಪಾಟಾಗುವದಕ್ಕಿಂತ ಮೊದಲಿನ ಒಂದು ಸಂಗತಿಯನ್ನು ಕೈಗೆತ್ತಿಕೊಂಡಿದ್ದೇವೆ. ಅದು ಹಲಿಗೆಯನ್ನು ನೇರವಾಗಿ ಕೊಯ್ಯುವ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಎಂದು ವಾಚಕರು ನಕ್ಕಾರು. ನಾವೂ ಹೀಗೆಯೇ ನಕ್ಕವರು. ಆದರೆ ನಮ್ಮ ನಗೆಯ ಬೆಲೆಯನ್ನು ತೆತ್ತವನು ಇನ್ನೊಬ್ಬನಾದದ್ದರಿಂದ, ಆ ಋಣವನ್ನು ಕಿಂಚಿತ್ತಾದರೂ ತೀರಿಸುವ ಸಲುವಾಗಿ ಇದನ್ನು ಬರೆಯುತ್ತಿದ್ದೇವೆ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿರುವ ನಮ್ಮ ಮನೆ ದೊಡ್ಡದಲ್ಲ. ನಿವೃತ್ತರಾದ ಬಳಿಕ ಶಾಲೆಯ ಕೊಠಡಿಯಲ್ಲಿದ್ದ ನಮ್ಮ ಪುಸ್ತಕಗಳೆಲ್ಲ ಮನೆಗೆ ಬಂದವು. ಜಗಲಿಯಿಂದ ಅಡಿಗೆಮನೆಯ ಬಾಗಿಲಿನವರೆಗೆ ಕೋಶಗಳೂ ವ್ಯಾಕರಣಗಳೂ ಒಟ್ಟಿಕೊಂಡವು. ಯುಗಾದಿಗೆ ಮಗಳೂ ಅಳಿಯಂದಿರೂ ಬರುವವರಿದ್ದರು. ಅಷ್ಟರೊಳಗೆ ಗೋಡೆಯುದ್ದಕ್ಕೂ ಒಂದು ಪುಸ್ತಕದ ಕಪಾಟು ಆಗಬೇಕೆಂದು ಮನೆಯವರ ಅಪ್ಪಣೆಯಾಯಿತು. ಓಣಿಯಲ್ಲಿಯೇ ಇರುವ ಬಡಿಗನೊಬ್ಬನನ್ನು ಕರೆಸಿದೆವು. ಅವನು ಏಳನೆಯ ಇಯತ್ತೆಯಲ್ಲಿ ನಮ್ಮ ಕೈಕೆಳಗೆ ಕಲಿತವನು. ಅಂದೇ ಅವನ ರೇಖಾಗಣಿತದ ಆಕೃತಿಗಳು ಶುದ್ಧವಾಗಿರುತ್ತಿದ್ದವು.

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೂರು ಪ್ಲಾಯ್ವುಡ್ ಹಲಿಗೆಗಳು ಬಂದವು. ಅವನು ಗೆರೆ ಹಾಕಿಕೊಂಡು, ಚೀಲದಲ್ಲಿ ಕೈಯಾಡಿಸುತ್ತ, “ಸರ್, ಪಟ್ಟಿ ಬಿಗದು ಕೊಯ್ತೀನ್ರಿ. ಕೆಳಗ ಆಧಾರಾನೂ ಕೊಡಬೇಕ್ರಿ. ಒಂದೆರಡು ತಾಸು ಹೆಚ್ಚಿಗಿ ಹಿಡಿತೈತ್ರಿ” ಎಂದನು. ಹಬ್ಬಕ್ಕೆ ನಾಲ್ಕೇ ದಿನ ಉಳಿದಿದ್ದವು. ನಾವು ದೊಡ್ಡ ಮಾತನ್ನಾಡಿದೆವು: “ಮೂವತ್ತು ವರ್ಷ ಕರಿಹಲಿಗೆಯ ಮೇಲೆ ಪಟ್ಟಿಯಿಲ್ಲದೆ ಗೆರೆ ಎಳೆದಿದ್ದೇವೆ ತಮ್ಮಾ. ಬಡಿಗನ ಮಗನಾದ ನಿನಗೆ ಪಟ್ಟಿ ಯಾಕೆ? ಗೆರೆ ಇದೆಯಲ್ಲ, ಅದರ ಮೇಲೆ ಹೋಗು.” ಗುರುವಿನ ಮಾತನ್ನು ಮೀರಬಾರದೆಂಬ ಹಳೆಯ ಸಂಸ್ಕಾರ ಅವನಲ್ಲಿತ್ತು. ಪಟ್ಟಿಯನ್ನು ಚೀಲಕ್ಕೆ ಹಾಕಿ ಯಂತ್ರವನ್ನೆತ್ತಿಕೊಂಡನು.

ಮೊದಲಿನ ಹಲಿಗೆ ಹೇಗೋ ಸಾಗಿತು. ಎರಡನೆಯದರಲ್ಲಿ ಅರ್ಧ ದಾರಿಗೆ ಯಂತ್ರವು ಗೆರೆಯಿಂದ ನೂಲಿನಷ್ಟು ಸರಿಯಿತು. ಅವನು ಅದನ್ನು ಗೆರೆಗೆ ತರಲೆಂದು ಮಣಿಕಟ್ಟನ್ನು ತುಸು ತಿರುವಿದನು. ಸೀಳಿನೊಳಗಿದ್ದ ಚಕ್ರ ಅಡ್ಡಾಯಿತು. ಎರಡೂ ಬದಿಯ ಹಲಿಗೆ ಅದನ್ನು ಕಚ್ಚಿ ಹಿಡಿಯಿತು. ಯಂತ್ರ ಒಮ್ಮೆಲೆ ಹಿಂದಕ್ಕೆ ನೆಗೆಯಿತು. ಹಲಿಗೆಯನ್ನು ಒತ್ತಿಹಿಡಿದಿದ್ದ ಅವನ ಎಡಗೈಯ ಹೆಬ್ಬೆರಳು ಅದರ ದಾರಿಯಲ್ಲಿತ್ತು. ಬೆರಳು ಉಳಿಯಿತು, ಅದು ದೈವಕೃಪೆ. ಹೊಲಿಗೆಗಳು ಬಿದ್ದವು, ಆರು ವಾರ ಅವನು ಉಳಿಯನ್ನು ಹಿಡಿಯಲಿಲ್ಲ. ಔಷಧದ ಖರ್ಚನ್ನು ನಾವು ಕೊಟ್ಟೆವು. ಆರು ವಾರದ ಕೂಲಿಯನ್ನೂ ಒತ್ತಾಯದಿಂದ ಕೊಟ್ಟೆವು. “ಕೈ ತಪ್ಪಿತ್ರಿ ಸರ್” ಎಂದಷ್ಟೇ ಅವನು ಹೇಳಿದನು. ತಪ್ಪಿದ್ದು ಕೈಯಲ್ಲ, ನಮ್ಮ ನಾಲಗೆ ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ಯುಗಾದಿಗೆ ಮನೆಯಲ್ಲಿ ಹೋಳಿಗೆಯಾಯಿತು. ನಮಗೆ ಮಾತ್ರ ಬೇವೇ ರುಚಿಸಿತು.

ಆ ಆರು ವಾರಗಳಲ್ಲಿ ನಾವು ಈ ವಿಷಯವನ್ನು ವಿದ್ಯಾರ್ಥಿಯಂತೆ ಅಭ್ಯಾಸ ಮಾಡಿದೆವು. ನಮ್ಮ ವಾಸ್ತುಶಾಸ್ತ್ರಗಳಲ್ಲಿ ಶಿಲ್ಪಿಗಳನ್ನು ನಾಲ್ಕು ವಿಧವಾಗಿ ಎಣಿಸಿದ್ದಾರೆ: ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ. ‘ಮಾನಸಾರ’, ‘ಮಯಮತ’ಗಳೆರಡರಲ್ಲಿಯೂ ಈ ವಿಭಾಗವಿದೆ. ಸೂತ್ರವನ್ನು ಹಿಡಿದು ಅಳೆಯುವವನು ಸೂತ್ರಗ್ರಾಹಿ. ಕೆತ್ತಿ ಕಡಿಯುವವನು ತಕ್ಷಕ. ಇದನ್ನು ನಾವು ಎಷ್ಟೋ ಸಲ ಓದಿದ್ದೆವು, ಆದರೆ ಇದರಲ್ಲಡಗಿದ ವಿವೇಕ ಹೊಳೆದಿರಲಿಲ್ಲ. ಗೆರೆಯನ್ನು ಕಾಯುವದು ಒಂದು ಕೆಲಸ, ಕಡಿಯುವದು ಇನ್ನೊಂದು. ಒಂದೇ ಕೈ ಎರಡನ್ನೂ ಮಾಡಹೊರಟರೆ ಒಂದರಲ್ಲಿ ಸೋಲುವದು ಸಹಜ. ಹಲಿಗೆಗೆ ಬಿಗಿದ ನೇರಪಟ್ಟಿಯೆಂದರೆ ಮರದಲ್ಲಿ ಮಾಡಿದ ಸೂತ್ರಗ್ರಾಹಿಯೇ ಸರಿ. ಅದು ಗೆರೆಯನ್ನು ಕಾಯುತ್ತದೆ. ಬಡಿಗನು ನಿಶ್ಚಿಂತೆಯಿಂದ ಯಂತ್ರವನ್ನು ಮುಂದಕ್ಕೆ ನಡೆಸಿದರಾಯಿತು.

ಹಾಗಾದರೆ ನಮ್ಮ ಅಜ್ಜಂದಿರ ಕಾಲದ ಬಡಿಗರು ಪಟ್ಟಿಯಿಲ್ಲದೆ ಹೇಗೆ ಕೊಯ್ಯುತ್ತಿದ್ದರು ಎಂದು ಕೇಳಬಹುದು. ಯಲ್ಲಾಪುರ, ಹಳಿಯಾಳಗಳ ಅಡವಿಯಿಂದ ಬಂದ ಸಾಗವಾನಿಯ ಹಲಿಗೆ ಒಂದಡಿ ಅಗಲವಿದ್ದರೆ ಹೆಚ್ಚು. ಅಡ್ಡಕೊಯ್ತ ಒಂದು ಗೇಣಿನಲ್ಲಿ ಮುಗಿಯುತ್ತಿತ್ತು. ಉದ್ದಕೊಯ್ತಕ್ಕೆ ಕಾವಿಯ ದಾರ ಹೊಡೆದು, ಕೈಗರಗಸದಿಂದ ಸಾವಕಾಶವಾಗಿ ಕೊಯ್ದು, ಉಳಿದ ಡೊಂಕನ್ನು ಕೀಸುಳಿಯಿಂದ ತೆಗೆಯುತ್ತಿದ್ದರು. ಪ್ಲಾಯ್ವುಡ್ಡಿನ ಹಲಿಗೆಯೋ 2440 ಮಿಲಿಮೀಟರು ಉದ್ದ, 1220 ಮಿಲಿಮೀಟರು ಅಗಲ. ಒಂದರ ಎಳೆ ಉದ್ದಕ್ಕೆ, ಇನ್ನೊಂದರ ಎಳೆ ಅಡ್ಡಕ್ಕೆ ಬರುವಂತೆ ಮರದ ಪದರುಗಳನ್ನು ಬೆಸಸಂಖ್ಯೆಯಲ್ಲಿ ಅಂಟಿಸಿ ಮಾಡಿದ ವಸ್ತು ಅದು. ಅದರ ಅಂಚನ್ನು ಕೀಸಹೋದರೆ ಅಡ್ಡ ಎಳೆ ಕಿತ್ತುಬರುತ್ತದೆ. ಆದುದರಿಂದ ಕೊಯ್ತವೇ ಶುದ್ಧವಾಗಿರತಕ್ಕದ್ದು. ತಿದ್ದುಪಡಿಗೆ ಅವಕಾಶ ಕಡಿಮೆ.

ಇನ್ನು ಪಟ್ಟಿಯ ವಿಚಾರ. ಅಂಗಡಿಗಳಲ್ಲಿ ಅಲ್ಯುಮಿನಿಯಮ್ಮಿನ ಸಿದ್ಧಪಟ್ಟಿಗಳು ಸಿಕ್ಕುವವು. ಅವುಗಳ ಎರಡೂ ತುದಿಗೆ ಸರಿಯುವ ದವಡೆಗಳಿದ್ದು, ಹಲಿಗೆಯ ಎರಡು ಅಂಚುಗಳನ್ನು ಕಚ್ಚಿ ಹಿಡಿಯುವವು. ಕೊಳ್ಳಲು ಮನಸ್ಸಿಲ್ಲದವರು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 18 ಮಿಲಿಮೀಟರು ದಪ್ಪದ ಪ್ಲಾಯ್ವುಡ್ಡಿನಿಂದ ನಾಲ್ಕೈದು ಅಂಗುಲ ಅಗಲದ ತುಂಡೊಂದನ್ನು, ಕಾರ್ಖಾನೆಯ ಅಂಚು ಒಂದು ಬದಿಗೆ ಉಳಿಯುವಂತೆ ತೆಗೆದುಕೊಂಡು, ಎರಡು ಕಬ್ಬಿಣದ ಕ್ಲಾಂಪುಗಳಿಂದ ಬಿಗಿದರೆ ಸಾಕು.

ಆದರೆ ಆ ಅಂಚು ನಿಜವಾಗಿಯೂ ನೇರವಿದೆಯೇ? ಪ್ರತ್ಯಕ್ಷವಿಲ್ಲದೆ ನಂಬಬಾರದು. ಪರೀಕ್ಷೆಯ ಕ್ರಮ ಬಹು ಸುಲಭ. ಪಟ್ಟಿಯನ್ನು ಹಲಿಗೆಯ ಮೇಲಿಟ್ಟು ಅದರ ಅಂಚಿಗೆ ಸೀಸದಕಡ್ಡಿಯಿಂದ ಸಣ್ಣ ಗೆರೆ ಎಳೆಯಿರಿ. ಬಳಿಕ ಪುಸ್ತಕದ ಹಾಳೆಯನ್ನು ಮಗುಚಿದಂತೆ ಪಟ್ಟಿಯನ್ನು ಗೆರೆಯ ಆಚೆಗೆ ಮಗುಚಿ, ಅದೇ ಅಂಚನ್ನು ಗೆರೆಯ ಎರಡೂ ತುದಿಗೆ ಹೊಂದಿಸಿ ಮತ್ತೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಪಟ್ಟಿ ನೇರ. ನಡುವೆ ತೆರವು ಕಂಡರೆ ಪಟ್ಟಿ ಡೊಂಕು. ಆ ತೆರವು ನಿಜವಾದ ಡೊಂಕಿನ ಇಮ್ಮಡಿಯಾಗಿರುತ್ತದೆ. ದೋಷವನ್ನು ಇಮ್ಮಡಿಯಾಗಿ ತೋರಿಸುವ ಪರೀಕ್ಷೆಯೇ ಒಳ್ಳೆಯ ಪರೀಕ್ಷೆ.

ಎರಡನೆಯ ಮಾತು ಅಂತರದ್ದು. ಯಂತ್ರಗರಗಸದ ಅಡಿತಗಡಿನ ಅಂಚು ಪಟ್ಟಿಗೆ ತಾಗಿ ನಡೆಯುತ್ತದೆ. ಕೊಯ್ಯುವ ಹಲ್ಲು ಆ ಅಂಚಿನಿಂದ ದೂರದಲ್ಲಿರುತ್ತದೆ. ಆದುದರಿಂದ ಪಟ್ಟಿಯನ್ನು ಗೆರೆಯ ಮೇಲಲ್ಲ, ಗೆರೆಯಿಂದ ಅಷ್ಟೇ ದೂರದಲ್ಲಿ ಬಿಗಿಯಬೇಕು. ಈ ದೂರವನ್ನು ಯಂತ್ರದ ಮೇಲೆ ಅಳೆಯುವದಕ್ಕಿಂತ ಕೊಯ್ತದ ಮೇಲೆ ಅಳೆಯುವದು ಲೇಸು. ನಿರುಪಯೋಗಿ ತುಂಡಿಗೆ ಪಟ್ಟಿ ಬಿಗಿದು, ಒಂದು ಗೇಣಿನಷ್ಟು ಕೊಯ್ದು, ಪಟ್ಟಿಯಿಂದ ಸೀಳಿನ ಹತ್ತಿರದ ಅಂಚಿನವರೆಗೆ ಅಳೆದುಕೊಳ್ಳಿರಿ. ಅದೇ ಅಂತರ. ಅದನ್ನು ಯಂತ್ರದ ಮೈಮೇಲೆ ಬರೆದಿಟ್ಟುಕೊಳ್ಳಿರಿ. ಚಕ್ರವನ್ನು ಬದಲಿಸಿದಾಗ ಮತ್ತೆ ಅಳೆಯಿರಿ.

ಸೀಳಿಗೂ ಅಗಲವಿದೆ ಎಂಬುದನ್ನು ಮರೆಯಬಾರದು. ಗರಗಸ ಹೋದ ದಾರಿಯಲ್ಲಿ ಮರ ಹೊಟ್ಟಾಗಿ ಉದುರಿಹೋಗುತ್ತದೆ. 2440 ಮಿಲಿಮೀಟರಿನ ಹಲಿಗೆಯನ್ನು ನಾಲ್ಕು ಸಮಭಾಗ ಮಾಡಬೇಕಾಗಿದೆಯೆನ್ನಿರಿ. 610ರಂತೆ ಗುರುತು ಹಾಕುತ್ತ ಹೋದರೆ ಕೊನೆಯ ತುಂಡು ಗಿಡ್ಡಾಗುವದು ನಿಶ್ಚಯ. ನಾಲ್ಕು ತುಂಡಿಗೆ ಮೂರು ಕೊಯ್ತ, ಸೀಳು 2.4 ಮಿಲಿಮೀಟರು ಇದ್ದರೆ ಮೂರಕ್ಕೆ 7.2. ಉಳಿದದ್ದು 2432.8, ಅದರ ನಾಲ್ಕನೆಯ ಒಂದು ಪಾಲು 608.2. ಇದೇ ನಿಜವಾದ ಅಳತೆ. ಎಲ್ಲ ಗುರುತುಗಳನ್ನೂ ಮೊದಲೇ ಹಾಕದೆ, ಒಂದು ಕೊಯ್ದು ಆಮೇಲೆ ಇನ್ನೊಂದನ್ನು ಅಳೆಯುವದು ಇನ್ನೂ ಕ್ಷೇಮ.

ಗರಗಸದ ಗಣಿತ ನಮ್ಮವರಿಗೆ ಹೊಸದಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಕ್ರಕಚವ್ಯವಹಾರವೆಂಬ ಪ್ರಕರಣವೇ ಇದೆ, ಕ್ರಕಚವೆಂದರೆ ಗರಗಸ. ಅದಕ್ಕೂ ಸುಮಾರು ಮುನ್ನೂರು ವರ್ಷಗಳ ಮೊದಲು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಮರ ಕೊಯ್ಯುವ ಲೆಕ್ಕವನ್ನು ಸೇರಿಸಿದ್ದಾರೆ. ಕೊಯ್ತದ ಉದ್ದ, ಅಗಲ, ಎಣಿಕೆಗಳನ್ನು ಗುಣಿಸಿ ಕ್ಷೇತ್ರಫಲ ತೆಗೆದು, ಅದರಿಂದ ಕೊಯ್ಯುವವನ ಶ್ರಮವನ್ನು ಅಳೆಯುವ ಲೆಕ್ಕವದು. ಇದನ್ನು ನಾವು ಮಕ್ಕಳಿಗೆ ಹೇಳಿಕೊಟ್ಟವರೇ. ಆದರೆ ಕೊಯ್ಯುವವನ ಶ್ರಮಕ್ಕೊಂದು ಲೆಕ್ಕವುಂಟೆಂದು ಹೇಳಿಕೊಟ್ಟ ನಾವೇ, ನಮ್ಮ ಜಗಲಿಯಲ್ಲಿ ಅವನ ಎರಡು ತಾಸಿನ ಲೆಕ್ಕವನ್ನು ಕೊಡಲೊಲ್ಲದೆ ಹೋದೆವು.

ಮೂರನೆಯದು, ಪಟ್ಟಿಯನ್ನು ಬಿಗಿಯುವ ಕ್ರಮ. ಎರಡೂ ತುದಿಯಲ್ಲಿ ಅಂತರವನ್ನು ಅಳೆದು ಬಿಗಿದ ಮೇಲೆ ಮತ್ತೊಮ್ಮೆ ಅಳೆಯತಕ್ಕದ್ದು. ತಿರುಪನ್ನು ತಿರುವುವಾಗ ಪಟ್ಟಿ ಕೂದಲೆಳೆಯಷ್ಟು ಸರಿಯುವದುಂಟು. ಪಟ್ಟಿಯನ್ನು ಯಾವಾಗಲೂ ನಮಗೆ ಬೇಕಾದ ತುಂಡಿನ ಮೇಲೆಯೇ ಬಿಗಿಯಬೇಕು. ಹಾಗೆ ಮಾಡಿದರೆ, ಯಂತ್ರವು ಪಟ್ಟಿಯನ್ನು ಬಿಟ್ಟು ಸರಿದರೂ ಕೆಡುವದು ಬೇಡಾದ ಭಾಗ, ಬೇಕಾದದ್ದು ಉಳಿಯುತ್ತದೆ. ಎಂಟಡಿಯ ಪಟ್ಟಿ ನಡುವಿನಲ್ಲಿ ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ. ಆದುದರಿಂದ ಉದ್ದಕೊಯ್ತಕ್ಕೆ ಅಗಲವಾದ ಪಟ್ಟಿಯನ್ನೇ ಆರಿಸಿ, ಯಂತ್ರವನ್ನು ಅದಕ್ಕೆ ಹಗುರವಾಗಿ ತಾಗಿಸಿ ನಡೆಸಬೇಕು. ಕ್ಲಾಂಪಿನ ತಲೆಗೆ ಯಂತ್ರದ ಮೋಟಾರು ತಾಗುವದೋ ಏನೆಂದು, ವಿದ್ಯುತ್ತು ಕೊಡುವ ಮೊದಲೇ ಯಂತ್ರವನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ಸರಿಸಿ ನೋಡಿಕೊಳ್ಳಿರಿ. ಅರ್ಧ ಕೊಯ್ತದಲ್ಲಿ ತಡೆದು ನಿಂತರೆ ಎಲ್ಲ ಶ್ರಮವೂ ವ್ಯರ್ಥ.

ಪಟ್ಟಿ ನೇರವಿದ್ದರೂ ಮೂಲೆ ಲಂಬವಿರದಿದ್ದರೆ ಕಪಾಟು ವಾಲುತ್ತದೆ. ನಮ್ಮ ಕಡೆಯ ಬಡಿಗರು ಗುಣ್ಯಾ ಎನ್ನುವ ಮೂಲೆಮಟ್ಟ ಚಿಕ್ಕದು. ನಾಲ್ಕಡಿಯ ಕೊಯ್ತಕ್ಕೆ ಅದೊಂದನ್ನೇ ನಂಬಲಾಗದು. ಶುಲ್ಬಸೂತ್ರಕಾರರು ಯಜ್ಞವೇದಿಯನ್ನು ಅಳೆಯಲು ಹಗ್ಗದಿಂದ ಮಾಡುತ್ತಿದ್ದ ಉಪಾಯವೇ ಇಲ್ಲಿ ಸಲ್ಲುವದು. ಒಂದು ಅಂಚಿಗೆ 900, ಗೆರೆಯ ಗುಂಟ 1200 ಗುರುತಿಸಿರಿ. ಆ ಎರಡರ ನಡುವಿನ ಓರೆ 1500 ಬಂದರೆ ಮೂಲೆ ಲಂಬ. ಕೊಯ್ದಾದ ಮೇಲೆ ಆಯತದ ಎರಡು ಕರ್ಣಗಳನ್ನೂ ಅಳೆಯಿರಿ. ಅವು ಸಮನಾದರೆ ತುಂಡು ಶುದ್ಧ.

ಇಷ್ಟೆಲ್ಲ ಅಳತೆ ಬೇಡವೆನ್ನುವವರಿಗೆ ಇನ್ನೊಂದು ಉಪಾಯವಿದೆ. ಆರು ಮಿಲಿಮೀಟರು ದಪ್ಪದ ಅಗಲವಾದ ತೆಳುಹಲಿಗೆಯ ಮೇಲೆ ನೇರಪಟ್ಟಿಯನ್ನು ಅಂಟಿಸಿ, ಪಟ್ಟಿಗೆ ಯಂತ್ರವನ್ನು ತಾಗಿಸಿ ಒಮ್ಮೆ ಉದ್ದಕ್ಕೂ ಕೊಯ್ದುಬಿಡಬೇಕು. ತೆಳುಹಲಿಗೆಯ ಹೊಸ ಅಂಚೇ ಆ ಯಂತ್ರದ ಕೊಯ್ತದ ಗೆರೆಯಾಗುತ್ತದೆ. ಮುಂದೆ ಆ ಅಂಚನ್ನು ಸೀಸದ ಗೆರೆಗೆ ಹೊಂದಿಸಿ ಬಿಗಿದರಾಯಿತು. ಅಂತರದ ಲೆಕ್ಕವೇ ಇಲ್ಲ. ಮೇಲಾಗಿ ಅದು ಗೆರೆಯ ಬದಿಯ ಎಳೆಗಳನ್ನು ಒತ್ತಿ ಹಿಡಿಯುವದರಿಂದ ಅಂಚು ಚಕ್ಕೆಯೇಳುವದೂ ಕಡಿಮೆ. ಒಂದು ಯಂತ್ರಕ್ಕೆ ಮಾಡಿದ್ದು ಇನ್ನೊಂದಕ್ಕೆ ಹೊಂದಲಾರದೆಂಬುದು ಮಾತ್ರ ನೆನಪಿನಲ್ಲಿರಲಿ.

ಇನ್ನು ಮುಖ್ಯವಾದ ಮಾತು, ಪ್ರಾಣರಕ್ಷಣೆಯದು. ಹಲಿಗೆಯ ಕೆಳಗೆ ನಾಲ್ಕು ಮರದ ತುಂಡುಗಳನ್ನು, ಕೊಯ್ತದ ಆ ಬದಿಗೆ ಎರಡು, ಈ ಬದಿಗೆ ಎರಡರಂತೆ ಇಡಿರಿ. ಆಧಾರವಿಲ್ಲದೆ ನಡುವೆ ಜೋತುಬಿದ್ದ ಹಲಿಗೆ ಸೀಳನ್ನು ಮುಚ್ಚಿ ಚಕ್ರವನ್ನು ಕಚ್ಚುತ್ತದೆ. ಯಂತ್ರ ಹಿಂದಕ್ಕೆ ನೆಗೆಯುವದಕ್ಕೆ ಇದೂ, ಓಡುತ್ತಿರುವ ಚಕ್ರವನ್ನು ಓರೆಯಾಗಿ ತಿರುವುವದೂ ಮುಖ್ಯ ಕಾರಣಗಳು. ಪಟ್ಟಿಯಿಂದ ಎರಡನೆಯ ಕಾರಣ ಬಹುಮಟ್ಟಿಗೆ ತಪ್ಪುತ್ತದೆ. ಕೈಯಿಂದ ಹಲಿಗೆಯನ್ನು ಒತ್ತಿ ಹಿಡಿಯುವ ಅವಶ್ಯಕತೆಯೂ ಇಲ್ಲದ್ದರಿಂದ ಎರಡೂ ಕೈಗಳು ಯಂತ್ರದ ಮೇಲಿರಬಹುದು. ಚಕ್ರದ ಹಲ್ಲು ಹಲಿಗೆಯ ಕೆಳಗೆ ಮೂರರಿಂದ ಐದು ಮಿಲಿಮೀಟರಿನಷ್ಟು ಮಾತ್ರ ಇಳಿಯಲಿ. ಕೊಯ್ಯುವವನು ಚಕ್ರದ ನೇರಕ್ಕೆ ಹಿಂದೆ ನಿಲ್ಲದೆ ಮಗ್ಗುಲಿಗೆ ನಿಲ್ಲಲಿ. ಚಕ್ರ ಪೂರ್ಣವಾಗಿ ನಿಂತ ಮೇಲೆಯೇ ಯಂತ್ರವನ್ನೆತ್ತಲಿ. ಚಕ್ರ ಬದಲಿಸುವಾಗ ವಿದ್ಯುತ್ತಿನ ತಂತಿ ಗೋಡೆಯಿಂದ ಹೊರಗಿರಲಿ.

ನಮ್ಮ ಊರುಗಳಲ್ಲಿ ಅನೇಕ ಬಡಿಗರು ಕಲ್ಲು ಕೊಯ್ಯುವ ಸಣ್ಣ ಯಂತ್ರಕ್ಕೆ ಮರದ ಚಕ್ರವನ್ನು ಹಾಕಿಕೊಂಡು ಕೆಲಸ ಮಾಡುವದನ್ನು ಕಾಣುತ್ತೇವೆ. ಅದು ಅಗ್ಗ, ಹಗುರ. ಆದರೆ ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಹೆಚ್ಚಿನ ವೇಗದಲ್ಲಿ ತಿರುಗತಕ್ಕದ್ದು. ಮರದ ಗರಗಸಕ್ಕಿರುವಂತೆ ಚಕ್ರದ ಕೆಳಭಾಗವನ್ನು ತಾನಾಗಿಯೇ ಮುಚ್ಚಿಕೊಳ್ಳುವ ಕವಚ ಅದಕ್ಕಿಲ್ಲ. ನಮ್ಮ ಜಗಲಿಯಲ್ಲಿ ನೆಗೆದದ್ದೂ ಅಂಥ ಯಂತ್ರವೇ. ಮರಕ್ಕಾಗಿಯೇ ಮಾಡಿದ ಗರಗಸವನ್ನು ಬಳಸುವದು ಉತ್ತಮ.

ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಬೇಕು. ಮರದ ಹೊಟ್ಟು ನಿರುಪದ್ರವಿಯೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮೂಗಿನ ಅರ್ಬುದರೋಗಕ್ಕೆ ಅದು ಕಾರಣವಾಗುವದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ನಿರ್ಣಯಿಸಿದೆ. ದಿನವಿಡೀ ಅದರಲ್ಲಿಯೇ ಉಸಿರಾಡುವ ಬಡಿಗನಿಗೆ ಮುಸುಕನ್ನು ತಂದುಕೊಡುವದು ಮನೆಯವರ ಧರ್ಮ.

ಅಂದದ ವಿಷಯದಲ್ಲಿ ಒಂದು ಮಾತು. ಕೈಯಲ್ಲಿ ಹಿಡಿದು ನಡೆಸುವ ಚಕ್ರಗರಗಸದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಚಕ್ಕೆಯೇಳುವದು ಮೇಲಿನ ಮೈಯಲ್ಲಿ. ಆದ್ದರಿಂದ ಹಲಿಗೆಯ ಚೆಂದದ ಮೈಯನ್ನು ಕೆಳಗೆ ಮಾಡಿ ಕೊಯ್ಯಿರಿ. ಗೆರೆಯ ಮೇಲೆ ಅಂಟುಪಟ್ಟಿಯನ್ನು ಹಚ್ಚಿದರೆ, ಇಲ್ಲವೆ ಹರಿತವಾದ ಚಾಕುವಿನಿಂದ ಮೊದಲೇ ಗೀರಿದರೆ ಇನ್ನೂ ಒಳ್ಳೆಯದು. ಯಂತ್ರವಿಲ್ಲದವರು ಕೈಗರಗಸವನ್ನೇ ಹಿಡಿದರೂ, ಬಿಗಿದ ಪಟ್ಟಿಯ ಅಂಚಿಗೆ ಅದರ ಮೈಯನ್ನು ತಾಗಿಸಿ ಕೊಯ್ದರೆ ಅದೇ ಫಲ ದೊರೆಯುವದು.

ಆರು ವಾರ ಕಳೆದ ಮೇಲೆ ನಮ್ಮ ಶಿಷ್ಯನು ಮರಳಿ ಬಂದನು. ಹೆಬ್ಬೆರಳಿನ ಮೇಲೆ ಬೆಳ್ಳಗಿನ ಗೆರೆಯೊಂದು ಉಳಿದಿತ್ತು. ಈ ಸಲ ನಾವು ಮಾತನಾಡಲಿಲ್ಲ. ಟೇಪಿನ ಒಂದು ತುದಿಯನ್ನು ಹಿಡಿದು ಕೆಳಗೆ ಕುಳಿತೆವು. ಅವನು ಪಟ್ಟಿಯನ್ನು ಮಗುಚಿ ಪರೀಕ್ಷಿಸಿದನು, ಅಂತರ ಅಳೆದನು, ಬಿಗಿದನು, ಮತ್ತೆ ಅಳೆದನು. “ಸರ್, ನಿಮ್ಮ ತುದಿಗೆ ಎಷ್ಟು ಬಂತ್ರಿ?” ಎಂದು ಕೇಳಿದನು. ನಾವು ಕನ್ನಡಕವನ್ನು ಸರಿಪಡಿಸಿಕೊಂಡು ಓದಿ ಹೇಳಿದೆವು. “ಇನ್ನೊಮ್ಮೆ ನೋಡ್ರಿ” ಎಂದನು. ಇನ್ನೊಮ್ಮೆ ನೋಡಿದೆವು, ನಿಜವಾಗಿಯೂ ಒಂದು ಮಿಲಿಮೀಟರು ತಪ್ಪು ಓದಿದ್ದೆವು. ಶಾಲೆಯಲ್ಲಿ ಆ ಮಾತನ್ನು ಅವನಿಗೆ ಎಷ್ಟು ಸಲ ಹೇಳಿದ್ದೆವೋ ಲೆಕ್ಕವಿಲ್ಲ. ಅಂದು ಕೊಯ್ತ ಮುಗಿಯಲು ಎರಡು ತಾಸು ಹೆಚ್ಚು ಹಿಡಿಯಿತು. ಹಲಿಗೆಗಳನ್ನು ಜೋಡಿಸಿದಾಗ ಮೂಲೆಗಳು ಕಾಗದ ತೂರದಷ್ಟು ಸರಿಯಾಗಿ ಕೂಡಿದವು. ಮೊದಲಿನ ಡೊಂಕು ತುಂಡನ್ನು ಎಸೆಯಬೇಡವೆಂದು ಹೇಳಿ ಕಪಾಟಿನ ಹಿಂದೆ ಇಡಿಸಿದ್ದೇವೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮನೆಗೆ ಬಡಿಗನು ಬಂದಾಗ ಕೆಲಸದ ದರವನ್ನು ಚೌಕಾಸಿ ಮಾಡಿರಿ, ಬೇಡವೆನ್ನುವದಿಲ್ಲ. ಅವನು ಪಟ್ಟಿ ಬಿಗಿಯುವ ವೇಳೆಯನ್ನು ಮಾತ್ರ ಚೌಕಾಸಿ ಮಾಡಬೇಡಿರಿ. ಅವನ ಬಳಿ ಪಟ್ಟಿಯಿಲ್ಲದಿದ್ದರೆ ಒಂದು ನೇರವಾದ ತುಂಡನ್ನೂ ಎರಡು ಕ್ಲಾಂಪುಗಳನ್ನೂ ನೀವೇ ಕೊಂಡಿಡಿರಿ. ಹಬ್ಬವು ಹತ್ತಿರ ಬಂದಿದ್ದರೆ ಕಪಾಟು ಹಬ್ಬದ ಮೇಲಾಗಲಿ. ಪುಸ್ತಕಗಳು ಜಗಲಿಯ ಮೇಲೆ ಇನ್ನೆಂಟು ದಿನ ಕುಳಿತರೆ ಅವುಗಳೊಳಗಿನ ವಿದ್ಯೆಯೇನೂ ಸವೆಯುವದಿಲ್ಲ.

ಮುಂದಿನ ಸಂಚಿಕೆಯಲ್ಲಿ, ಕೊಯ್ದ ಅಂಚುಗಳಿಗೆ ಪಟ್ಟಿ ಅಂಟಿಸಿ ತೇವದಿಂದ ಕಾಪಾಡುವ ಕ್ರಮವನ್ನು ವಿವರಿಸುವೆವು.